ಜೂನ್ ತಿಂಗಳಿನ ಸೇಬು

ಇಸಾಲ್ಮಿ
೧೨ ಸೆಪ್ಟೆಂಬರ್ ೧೯೯೪

ಶ್ರೀ ರೈಮೊ ಹುತ್ತುನೆನ್ ಅವರಿಗೆ,

ಹೆಲ್ಕಾ ತೆಲ್ಲೆರ್ವೊ ಇಹಲೈನೆನ್ ಎಂಬ ನಾನು, ಈ ಊರಿನ ಮಾಧ್ಯಮಿಕ ಶಾಲೆಯಲ್ಲಿ ೧೯೪೯ರಿಂದ ೧೯೮೭ರವರೆಗೆ, ಮೂವತ್ತೆಂಟು ವರ್ಷಗಳ ಕಾಲ, ತಾಯ್ನುಡಿಯ ಅಧ್ಯಾಪಕಿಯಾಗಿ ಸೇವೆ ಸಲ್ಲಿಸಿ ನಿವೃತ್ತಳಾದವಳು. ನಾನು ಯಾರೆಂಬುದು ನಿಮಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಆ ವರ್ಷಗಳಲ್ಲಿ ಐದನ್ನು ನೀವು ನನ್ನ ತರಗತಿಯ ಕಿಟಕಿ ಪಕ್ಕದ ಬೆಂಚಿನಲ್ಲಿ, ನನ್ನ ಮಗ ಇಲ್ಪೊನ ಜೊತೆಯಲ್ಲಿ ಕುಳಿತು ಕಳೆದಿದ್ದೀರಿ. ಆದರೂ ಹೀಗೆ ಆರಂಭಿಸುತ್ತಿದ್ದೇನೆ. ಇದು ಗೆಳೆಯನ ತಾಯಿ ಬರೆಯುತ್ತಿರುವ ಪತ್ರವಲ್ಲ ಎಂಬುದು ಮೊದಲ ಸಾಲಿನಲ್ಲಿಯೇ ಸ್ಪಷ್ಟವಾಗಿರಲಿ.

ವೈದ್ಯರ ಅಂತಿಮ ವರದಿ ಕಳೆದ ವಾರ ಬಂದಿತು. ಇಲ್ಪೊನ ರಕ್ತದಲ್ಲಿ ಮದ್ಯದ ಅಂಶ ಇರಲೇ ಇಲ್ಲವೆನ್ನುವಷ್ಟು ಕಡಿಮೆ ಇತ್ತು. ಅವನನ್ನು ಕೊಂದದ್ದು ಇನ್ಸುಲಿನ್ನಿನ ಕೊರತೆ. ಒಂಬತ್ತನೆಯ ವಯಸ್ಸಿನಿಂದ ಅವನ ದೇಹ ಅದನ್ನು ತಯಾರಿಸುತ್ತಿರಲಿಲ್ಲ, ಸೂಜಿಯಿಂದ ಕೊಡಬೇಕಾಗಿತ್ತು. ಅಷ್ಟು ಹಳೆಯ ಮಧುಮೇಹ ಅವನ ಜಠರದ ನರಗಳನ್ನೂ ಮಂದವಾಗಿಸಿತ್ತು. ಸ್ವಲ್ಪ ಕುಡಿದರೂ ಹೊಟ್ಟೆ ತೊಳಸಿ ತಿಂದದ್ದೆಲ್ಲ ಹೊರಬರುತ್ತಿತ್ತು. ಊಟ ಒಳಗೆ ನಿಲ್ಲುತ್ತಿಲ್ಲವೆಂದು ಅವನು ಸೂಜಿಯನ್ನೂ ನಿಲ್ಲಿಸಿದ್ದಾನೆ. ಊಟವಿಲ್ಲದಿದ್ದರೂ ದೇಹಕ್ಕೆ ಅದು ಬೇಕು. ಅದಿಲ್ಲದಿದ್ದರೆ ರಕ್ತ ಹುಳಿಯಾಗುತ್ತದೆ. ಹುಳಿಯಾದ ರಕ್ತ ಮತ್ತೆ ವಾಂತಿ ತರುತ್ತದೆ. ನೋಡುವವರ ಕಣ್ಣಿಗೆ ಮೊದಲನೆಯ ವಾಂತಿಯೂ ಎರಡನೆಯದೂ ಒಂದೇ.

ಊರು ತನ್ನ ತೀರ್ಪನ್ನು ಆಗಲೇ ಕೊಟ್ಟಿದೆ. ಮೊನ್ನೆ ಸಹಕಾರಿ ಅಂಗಡಿಯ ಸರತಿಯಲ್ಲಿ ಒಬ್ಬ ಹೆಂಗಸು ನನ್ನ ಕೈ ಹಿಡಿದು ಸಮಾಧಾನ ಹೇಳಿದಳು: "ಕುಡಿತ ಎಂಥೆಂಥ ಮನೆ ಹಾಳು ಮಾಡ್ತು ನೋಡಿ ಟೀಚರ್. ಪಾಪ, ನಿಮ್ಮಂಥೋರ ಹೊಟ್ಟೇಲಿ ಹುಟ್ಟಿ." ನಾನು ಬ್ರೆಡ್ಡನ್ನು ಅಲ್ಲೇ ಬಿಟ್ಟು ಬಂದೆ.

ಜೂನ್ ಕೊನೆಯ ನಡುಬೇಸಿಗೆಯ ಹಬ್ಬಕ್ಕೆ ಅವನು ನಿಮ್ಮ ಸರೋವರದ ಮನೆಗೆ ಬಂದದ್ದು ಗುರುವಾರ. ಸತ್ತದ್ದು ಶನಿವಾರ ಮಧ್ಯಾಹ್ನ. ನಡುವೆ ಇದ್ದದ್ದು ನೀವು. ಪೊಲೀಸರು ತಮ್ಮ ಕಡತವನ್ನು ಮುಚ್ಚಿದ್ದಾರೆ. ಅಸಹಾಯಕನನ್ನು ಕೈಬಿಟ್ಟ ಅಪರಾಧಕ್ಕಾಗಿ ನಿಮ್ಮ ಮೇಲೆ ತನಿಖೆ ನಡೆಸಬೇಕೆಂದು ಕೋರುವ ಅರ್ಜಿಯೊಂದನ್ನು ನಾನು ಸಿದ್ಧಪಡಿಸಿದ್ದೇನೆ. ಇನ್ನೂ ಸಹಿ ಹಾಕಿಲ್ಲ. ಆ ದಿನಗಳಲ್ಲಿ ನಡೆದದ್ದನ್ನು ನೀವು ನಿಮ್ಮ ಕೈಯಿಂದ, ಕ್ರಮವಾಗಿ, ಏನನ್ನೂ ಬಿಡದೆ ಬರೆದು ತಿಳಿಸಬೇಕು. ಕ್ರಿಸ್‌ಮಸ್ಸಿಗೆ ಮುಂಚಿನ, ನವೆಂಬರ್ ಕೊನೆಯಲ್ಲಿ ಬರುವ ಮೊದಲ ಮೇಣದಬತ್ತಿಯ ಭಾನುವಾರದವರೆಗೆ ಕಾಯುತ್ತೇನೆ. ಸಹಿ ಹಾಕಬೇಕೋ ಬೇಡವೋ ಎಂಬುದನ್ನು ನಿಮ್ಮ ಬರಹ ನಿರ್ಧರಿಸುತ್ತದೆ.

ಹೆಲ್ಕಾ ಇಹಲೈನೆನ್
ನಿವೃತ್ತ ಅಧ್ಯಾಪಕಿ

•

ಕಡವಿನ ಮನೆ
೨ ಅಕ್ಟೋಬರ್ ೧೯೯೪

ಟೀಚರ್,

ನಿಮಗೆ ಬರೆಯುವುದೆಂದರೆ ನನಗೆ ಆಗಲೂ ಕಷ್ಟ, ಈಗಲೂ ಕಷ್ಟ. ಇಡೀ ದಿನ ಈ ಕಡವಿನಲ್ಲಿ ದೋಣಿಯ ಮೇಲೆ ಕಾರುಗಳನ್ನು ಆಚೆ ದಡಕ್ಕೆ ದಾಟಿಸುವವನು ನಾನು. ಅದಕ್ಕೆ ಮಾತು ಬೇಕಾಗಿಲ್ಲ.

ಗುರುವಾರ ಸಂಜೆ ಕಡವಿನಾಚೆಯ ಸರೋವರದ ಮನೆಯಲ್ಲಿ ಸೌನಾದ ಹಬೆಸ್ನಾನಕ್ಕೆ ಒಲೆ ಹಚ್ಚಿದೆವು. ಇಲ್ಪೊ ಎರಡು ಬಿಯರ್ ಕುಡಿದ. ಮೂರನೆಯದನ್ನು ಅರ್ಧ ಕುಡಿದು ನನಗೆ ಕೊಟ್ಟ. ಹೊಟ್ಟೆ ಕೆಟ್ಟಿತು. ಅದು ಹೊಸದಲ್ಲ. ಎಷ್ಟೋ ವರ್ಷಗಳಿಂದ ಅವನಿಗೆ ಎರಡು ಬಿಯರಿಗೆ ಹೀಗಾಗುತ್ತಿತ್ತು, ಮಾರನೆಯ ದಿನ ಸರಿಹೋಗುತ್ತಿತ್ತು. ಅವನನ್ನು ನಾವು 'ಎರಡು ಲೋಟದ ವೀರ' ಎಂದು ಕರೆಯುತ್ತಿದ್ದೆವು. ಅವನೇ ಹೇಳುತ್ತಿದ್ದ, "ನನ್ನ ಹೊಟ್ಟೇದೂ ನಿನ್ನ ಹಾಗೇ ಸರ್ಕಾರಿ ನೌಕರಿ ಕಣೋ. ಮಧ್ಯಾಹ್ನದ ಮೇಲೆ ಕೆಲಸ ಮಾಡಲ್ಲ." ಹೊಟ್ಟೆಯದೂ ಆ ಸಕ್ಕರೆ ಕಾಯಿಲೆಯೇ ಎಂದು ಒಂದು ದಿನವೂ ಹೇಳಿದವನಲ್ಲ. ಗಂಡಸರ ನಡುವೆ ರೋಗಿಯಾಗಿರುವುದಕ್ಕಿಂತ ಕುಡಿಯಲು ಬಾರದವನಾಗಿರುವುದು ಅವನಿಗೆ ಹಗುರವಾಗಿತ್ತು.

ಶುಕ್ರವಾರ ಉಗ್ರಾಣದ ಕೋಣೆಯಲ್ಲಿ ಮಲಗಿದ್ದ. ಮಗ್ಗುಲಾಗಿ ಮಲಗಿಸಿದೆ, ಬೆನ್ನಿಗೆ ದಿಂಬು ಕೊಟ್ಟೆ, ಪಕ್ಕದಲ್ಲಿ ಬಕೆಟ್ಟು ಮತ್ತು ನೀರು ಇಟ್ಟೆ, ಬಾಗಿಲು ಎಳೆದುಕೊಂಡೆ. ನನಗೆ ಹೀಗಾದಾಗ ಅವನೂ ಹಾಗೆಯೇ ಮಾಡುತ್ತಿದ್ದ. ಶನಿವಾರ ವಾಂತಿ ನಿಂತಿತು. ನಿದ್ದೆ ಬಂತು ಎಂದುಕೊಂಡೆ. ಮಧ್ಯಾಹ್ನ ಹೋಗಿ ನೋಡಿದಾಗ ಉಸಿರು ಇರಲಿಲ್ಲ.

ಅಲ್ಲಿ ನಾನೊಬ್ಬನೇ ಇದ್ದೆ. ಕುಡಿದಿದ್ದೆ. ಕಾರು ಇರಲಿಲ್ಲ.

ರೈಮೊ

•

ಇಸಾಲ್ಮಿ
೯ ಅಕ್ಟೋಬರ್ ೧೯೯೪

ಶ್ರೀ ರೈಮೊ ಹುತ್ತುನೆನ್ ಅವರಿಗೆ,

ನಿಮ್ಮ ಪತ್ರ ತಲುಪಿತು. ಅಕ್ಷರ ಶಾಲಾದಿನಗಳಿಗಿಂತ ಸ್ಪಷ್ಟವಾಗಿದೆ. ಬರಹ ಅಪೂರ್ಣ.

ಶುಕ್ರವಾರಕ್ಕೆ ನೀವು ಕೆಲವೇ ಸಾಲುಗಳನ್ನು ಕೊಟ್ಟಿದ್ದೀರಿ. ಒಂದು ಬೇಸಿಗೆಯ ದಿನ, ಅದೂ ಕತ್ತಲೆಯೇ ಇಲ್ಲದ ದಿನ, ಅಷ್ಟು ಚಿಕ್ಕದಾಗಿರುವುದಿಲ್ಲ. ಅವನು ಏನಾದರೂ ಕೇಳಿದನೇ? ಯಾರ ಹೆಸರನ್ನಾದರೂ ಹೇಳಿದನೇ? ನೀರಿನ ಹೊರತು ಅವನ ಬಾಯಿಗೆ ಏನು ಹೋಯಿತು? ಇವು ವಕೀಲರ ಪ್ರಶ್ನೆಗಳಲ್ಲ.

ಕಾರು ಇರಲಿಲ್ಲವೆಂದು ಬರೆದಿದ್ದೀರಿ. ಅಂಗಳದಲ್ಲಿ ಕೆಂಪು ಕಾರೊಂದು ಅಡ್ಡವಾಗಿ ನಿಂತಿದ್ದರಿಂದ ಆಂಬುಲೆನ್ಸನ್ನು ತಿರುಗಿಸಲು ಕಷ್ಟವಾಯಿತೆಂದು ಪೊಲೀಸರ ಕಾಗದದಲ್ಲಿದೆ. ನನ್ನ ತರಗತಿಯಲ್ಲಿ ನೀವು ಪಾಠ ಕಲಿಯದೆ ಬಂದ ದಿನಗಳು ಬಹಳ. ಸುಳ್ಳು ಹೇಳಿದ ದಿನ ನನಗೆ ನೆನಪಿಲ್ಲ. ಆದ್ದರಿಂದ ಇದನ್ನು ಹಿಂದಿರುಗಿಸುತ್ತಿದ್ದೇನೆ. ಮತ್ತೆ ಬರೆಯಿರಿ.

ಹೆಲ್ಕಾ ಇಹಲೈನೆನ್

•

ಕಡವಿನ ಮನೆ
೬ ನವೆಂಬರ್ ೧೯೯೪

ಟೀಚರ್,

ನಿನ್ನೆ ಎಲ್ಲರೂ ಸಮಾಧಿಗಳಿಗೆ ಮೇಣದಬತ್ತಿ ಹಚ್ಚುವ ಶನಿವಾರ. ನಾನೂ ಬಂದಿದ್ದೆ. ನೀವು ಕಲ್ಲಿನ ಮೇಲಿನ ಹಿಮವನ್ನು ಕೈಗವಸಿನಿಂದ ಒರೆಸುತ್ತಿದ್ದಿರಿ. ನೀವು ನನ್ನನ್ನು ನೋಡಿದಿರಿ ಎಂದು ನನಗೆ ಗೊತ್ತು. ನಾನು ತಂದ ದೀಪವನ್ನು ಬೇಲಿಯ ಹತ್ತಿರ, ಯಾರದೋ ಹಳೆಯ ಕಲ್ಲಿನ ಮುಂದೆ ಇಟ್ಟು ಬಂದೆ. ಅಲ್ಲಿಂದ ಇಲ್ಪೊ ದೂರವೇನಲ್ಲ.

ಬಿಟ್ಟದ್ದನ್ನು ಬರೆಯುತ್ತೇನೆ.

ಶುಕ್ರವಾರ ಬೆಳಿಗ್ಗೆ ಅವನು ಸೂಜಿ ತೆಗೆದುಕೊಳ್ಳಲಿಲ್ಲ. ಯಾಕೋ ಎಂದು ಕೇಳಿದೆ. ಹೊಟ್ಟೆಯಲ್ಲಿ ಏನೂ ನಿಲ್ಲದಿರುವಾಗ ಚುಚ್ಚಿಕೊಂಡರೆ ಸಕ್ಕರೆ ಇಳಿದು ಎಚ್ಚರ ತಪ್ಪುತ್ತದೆ, ಕುಡಿದ ಮೇಲಂತೂ ಇನ್ನೂ ಅಪಾಯ ಎಂದ. ಅವನಿಗೇ ಗೊತ್ತಿರುತ್ತದೆ ಎಂದುಕೊಂಡೆ. ಬೆರಳು ಚುಚ್ಚಿ ರಕ್ತ ನೋಡಿಕೊಂಡ. "ಸ್ವಲ್ಪ ಜಾಸ್ತಿ, ಪರವಾಗಿಲ್ಲ" ಎಂದ.

ಶುಕ್ರವಾರ ಸಂಜೆ ಹಬ್ಬದ ಧ್ವಜ ಏರಿಸುವ ಹೊತ್ತಿಗೆ ಕಂಬಳಿ ಹೊದ್ದು ಹೊರಗೆ ಬಂದು ಕುಳಿತ. ದಡದಲ್ಲಿ ಬೆಂಕಿ ಹಚ್ಚಿದ್ದೆವು. ಬಹಳ ನೀರು ಕುಡಿಯುತ್ತಿದ್ದ. ಆಗ ನಾನು ಒಂದು ಬಿಯರಿನ ಬಾಟಲಿಯನ್ನು ತೆರೆದು ಅವನ ಕೈಯಲ್ಲಿಟ್ಟೆ. ನಿನ್ನೆಯದನ್ನು ಇಳಿಸಲು ಇವತ್ತು ಒಂದು ಗುಟುಕು ಎನ್ನುವುದು ನಮ್ಮಲ್ಲಿ ಎಲ್ಲ ಗಂಡಸರೂ ಮಾಡುವ ಔಷಧ, ನಿಮಗೆ ಗೊತ್ತಿದೆ. "ಕುಡಿಯೋ ವೀರಾ, ಹೊಟ್ಟೆ ಸಮ ಆಗುತ್ತೆ" ಎಂದೆ. ಅವನಿಗೆ ಬೇಡವಾಗಿತ್ತು. ನನ್ನ ಮುಖ ನೋಡಿದ. ಒಂದು ಗುಟುಕು ಕುಡಿದ. ನನ್ನನ್ನು ಬೇಸರಪಡಿಸಬಾರದು ಎಂದು ಕುಡಿದ, ಟೀಚರ್. ಆ ಬಾಟಲಿ ಇನ್ನೂ ಅಲ್ಲಿ ಮೆಟ್ಟಿಲಿನ ಕೆಳಗಿದೆ. ನಾನು ಅದನ್ನು ತೆಗೆದಿಲ್ಲ.

ಶನಿವಾರ ಅವನು ಆಳವಾಗಿ, ದೊಡ್ಡದಾಗಿ ಉಸಿರಾಡುತ್ತಿದ್ದ. ಅಂಥ ನಿದ್ದೆ ನನಗೆ ಬಂದರೆ ಸಾಕು ಎಂದು ನಾನು ಅಂದುಕೊಂಡದ್ದು ನೆನಪಿದೆ.

ಇನ್ನೊಂದು ಸಂಗತಿ. ಅವನನ್ನು ಕರೆದೊಯ್ದ ಮೇಲೆ ನಾನು ಧ್ವಜವನ್ನು ಅರ್ಧಕ್ಕೆ ಇಳಿಸಿದೆ. ಹಬ್ಬದ ದಿನವಾದ್ದರಿಂದ ಸರೋವರದ ಸುತ್ತ ಎಲ್ಲ ಮನೆಗಳ ಕಂಬದಲ್ಲೂ ಧ್ವಜವಿತ್ತು. ನಾನು ಮೆಟ್ಟಿಲಲ್ಲಿ ಕುಳಿತಿದ್ದಂತೆ ಎದುರು ದಡದ ಒಂದು ಧ್ವಜ ಅರ್ಧಕ್ಕೆ ಇಳಿಯಿತು. ಸ್ವಲ್ಪ ಹೊತ್ತಿಗೆ ಅದರ ಪಕ್ಕದ್ದು. ಆಮೇಲೆ ದ್ವೀಪದ್ದು. ಸತ್ತವರು ಯಾರೆಂದು ಕೇಳಲು ಯಾರೂ ದೋಣಿ ಹತ್ತಿ ಬರಲಿಲ್ಲ. ಯಾರೋ ಹೋಗಿದ್ದಾರೆ ಎಂಬುದು ಅವರಿಗೆ ಸಾಕಾಗಿತ್ತು. ಊರು ತೀರ್ಪು ಕೊಟ್ಟಿದೆ ಎಂದು ನೀವು ಬರೆದಿದ್ದಿರಿ. ಇದೂ ನಿಮಗೆ ತಿಳಿದಿರಲಿ ಎಂದು ಬರೆದೆ.

ಕಾರಿನ ವಿಷಯ ಬರೆಯಲಾರೆ. ಅದರ ಹೊಣೆಯೂ ನನ್ನದೇ ಎಂದು ಬರೆದುಕೊಳ್ಳಿ. ಸಹಿ ಹಾಕಿ, ಟೀಚರ್. ನಾನು ಬೇಡ ಎನ್ನುವುದಿಲ್ಲ.

ರೈಮೊ

•

ಕಡವಿನ ಮನೆ
೨೨ ನವೆಂಬರ್ ೧೯೯೪

ಗೌರವಾನ್ವಿತ ಟೀಚರ್ ಅವರಿಗೆ,

ನಾನು ಸಿರ್ಕಾ, ರೈಮೊನ ಹೆಂಡತಿ. ನಿಮ್ಮ ಶಾಲೆಯಲ್ಲಿ ಓದಿದವಳಲ್ಲ. ಹದಿನೈದಕ್ಕೇ ಹಾಲು ಕರೆಯಲು ಹೋದವಳು. ಈಗಲೂ ಅದೇ ಕೆಲಸ. ರೈತರು ರಜೆ ಹೋದಾಗ ಅವರ ಹಸುಗಳನ್ನು ನೋಡಿಕೊಳ್ಳುತ್ತೇನೆ. ಈ ಪತ್ರ ಬರೆಯುತ್ತಿರುವುದು ರೈಮೊನಿಗೆ ಗೊತ್ತಿಲ್ಲ.

ಆ ಕಾರು ನನ್ನದು. ನಾನು ಅಲ್ಲಿಯೇ ಇದ್ದೆ. ಒಂದು ತೊಟ್ಟೂ ಕುಡಿದಿರಲಿಲ್ಲ, ಏಕೆಂದರೆ ಬೆಳಿಗ್ಗೆ ಸಂಜೆ ಕೊಟ್ಟಿಗೆಗೆ ಕಾರು ಓಡಿಸಬೇಕಾಗಿತ್ತು. ಆಸ್ಪತ್ರೆಗೆ ಕರೆದೊಯ್ಯಬಲ್ಲವರು ಅಲ್ಲಿ ಯಾರಾದರೂ ಇದ್ದರೆ ಅದು ನಾನೇ. ಇದನ್ನು ಮುಚ್ಚಿಡಲು ಅವರು ಪೊಲೀಸರ ಮುಂದೆಯೂ ಸುಮ್ಮನಿದ್ದರು, ನಿಮ್ಮ ಮುಂದೆ ಸುಳ್ಳು ಬರೆದರು. ನಾನು ಕೇಳಿದರೆ "ನೀನು ಇದರಲ್ಲಿ ಬರ್ಬೇಡ, ಹಸು ನೋಡ್ಕೋ ಹೋಗು" ಎನ್ನುತ್ತಾರೆ. ಬೇಸಿಗೆಯಿಂದ ನಮ್ಮ ಮನೆಯಲ್ಲಿ ಆಗಿರುವ ಮಾತು ಇಷ್ಟೇ.

ಶನಿವಾರ ಬೆಳಿಗ್ಗೆ ಹಾಲು ಕರೆದು ಬಂದು, ಇಲ್ಪೊನಿಗೆ ತಣ್ಣೀರು ಕೊಡಲು ಬಾಗಿದೆ. ಅವನ ಉಸಿರಿಗೆ ಒಂದು ವಾಸನೆ ಇತ್ತು. ಹೆಂಡದ್ದಲ್ಲ. ಕೊಳೆಯಲು ಹತ್ತಿರವಾದ ಸೇಬಿನ ವಾಸನೆ, ಅದರೊಳಗೆ ಉಗುರಿನ ಬಣ್ಣ ಒರೆಸುವ ದ್ರವದಂಥದ್ದು. ಜೂನ್ ತಿಂಗಳಲ್ಲಿ ನಮ್ಮ ಕಡೆ ಎಲ್ಲಿಯ ಸೇಬು, ಟೀಚರ್? ಮರದಲ್ಲಿ ಆಗಷ್ಟೇ ಹೂ ಉದುರಿರುತ್ತದೆ. ಆದರೆ ಆ ವಾಸನೆ ನನಗೆ ಗೊತ್ತಿತ್ತು. ಕರು ಹಾಕಿದ ಮೇಲೆ ಕೆಲವು ಹಸುಗಳು ಮೇವು ಬಿಡುತ್ತವೆ. ಅವುಗಳ ಬಾಯಿಂದ ಅದೇ ವಾಸನೆ ಬರುತ್ತದೆ. ಕೊಟ್ಟಿಗೆಯ ಬಾಗಿಲಲ್ಲೇ ಮೂಗಿಗೆ ಬಡಿಯುತ್ತದೆ. ಬಂದರೆ ನಾನು ತಡಮಾಡುವುದಿಲ್ಲ. ಭಾನುವಾರವಾಗಿರಲಿ, ಹಬ್ಬವಾಗಿರಲಿ, ಪಶುವೈದ್ಯರನ್ನು ಎಬ್ಬಿಸಿ ಕರೆಸುತ್ತೇನೆ.

ಇಲ್ಪೊನಿಗೆ ನಾನು ಏನು ಹೇಳಿದೆ ಗೊತ್ತೇ? "ಏನೋ ಇದು, ನಿನ್ನ ಬಾಯಿ ನಮ್ಮ ಹೆಲುನಾ ಹಸೂ ಬಾಯಿ ಥರ ನಾರ್ತಿದೆ. ಕರು ಹಾಕ್ದೆಯಾ ಹೇಗೆ?" ರೈಮೊ ಬಾಗಿಲಲ್ಲಿ ನಿಂತು ನಕ್ಕರು. ಇಲ್ಪೊನೂ ಕಣ್ಣು ಮುಚ್ಚಿಕೊಂಡೇ ನಕ್ಕ. "ಹೆಣ್ಣು ಕರುವಾದ್ರೆ ನಿಂಗೇ ಕೊಡ್ತೀನಿ" ಎಂದ. ನಾವು ಈ ಕಡೆಯವರು, ಯಾವುದನ್ನೂ ನೇರವಾಗಿ ಹೇಳುವವರಲ್ಲ. ತಮಾಷೆಯೊಳಗೆ ಸುತ್ತಿ ಇಡುತ್ತೇವೆ, ಬೇಕಾದವರು ಬಿಚ್ಚಿಕೊಳ್ಳಲಿ ಎಂದು. ಯಾರೂ ಬಿಚ್ಚಲಿಲ್ಲ. ಮನುಷ್ಯನಿಗೆ ಹಸುವಿನ ಕಾಯಿಲೆ ಬರುತ್ತದೆಯೇ ಎಂದು ನಾನೇ ನನ್ನನ್ನು ಗದರಿಸಿಕೊಂಡೆ.

ಆದರೂ ಮನಸ್ಸು ತಡೆಯದೆ ಆಸ್ಪತ್ರೆಗೆ ಹೋಗೋಣವೇ ಎಂದು ಕೇಳಿದೆ. ಅವನು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯುತ್ತೇನೆ. "ಬೇಡ ಸಿರ್ಕಾ. ಹಬ್ಬದ ದಿನ ಅಲ್ಲಿ ಬರೀ ಕುಡುಕರೇ ಇರ್ತಾರೆ, ನನ್ನನ್ನೂ ಅವರ ಸಾಲಲ್ಲೇ ಮಲಗಿಸ್ತಾರೆ. ಮೇ ಹಬ್ಬದಲ್ಲಿ ಅಮ್ಮನ ಮನೇಲೂ ಹೀಗೇ ಆಗಿತ್ತು. ಒಂದು ಲೋಟ ವೈನಿಗೆ. ಅಮ್ಮ ಏನೂ ಅನ್ನಲಿಲ್ಲ, ಬಕೆಟ್ ಇಟ್ಟು ಬಾಗಿಲು ಎಳ್ಕೊಂಡ್ಳು. ಸಂಜೆ ಹೊತ್ತಿಗೆ ಎದ್ದು ಕೂತಿದ್ದೆ. ನೀವೂ ಬಾಗಿಲು ಎಳ್ಕೊಳ್ಳಿ, ಬೆಳಕು ಕಣ್ಣಿಗೆ ಚುಚ್ತಿದೆ."

ನಾನು ಬಾಗಿಲು ಎಳೆದುಕೊಂಡೆ.

ಇದನ್ನು ನಿಮ್ಮ ಮೇಲೆ ಹೊರಿಸಲು ಬರೆಯುತ್ತಿಲ್ಲ, ದೇವರಾಣೆ. ಯಾರ ಹೆಸರನ್ನಾದರೂ ಹೇಳಿದನೇ ಎಂದು ನೀವು ಕೇಳಿದ್ದಿರಿ. ರೈಮೊನ ಮೇಜಿನ ಮೇಲೆ ನಿಮ್ಮ ಪತ್ರ ನೋಡಿದೆ. ಹೇಳಿದ, ಟೀಚರ್. 'ಅಮ್ಮ' ಎಂದ. ನಮ್ಮೆದುರು ಅವನು ಯಾವಾಗಲೂ ನಿಮ್ಮನ್ನು 'ಟೀಚರಮ್ಮ' ಎಂದು ಕೀಟಲೆ ಮಾಡುತ್ತಿದ್ದ. ಆ ಬೆಳಿಗ್ಗೆ 'ಅಮ್ಮ' ಎಂದ.

ಸಹಿ ಹಾಕುವುದಾದರೆ ನನ್ನ ಹೆಸರನ್ನೂ ಸೇರಿಸಿ. ಒಬ್ಬರನ್ನೇ ಕಳಿಸಬೇಡಿ.

ಸಿರ್ಕಾ ಹುತ್ತುನೆನ್

•

ಇಸಾಲ್ಮಿ
೧೯ ಜೂನ್ ೧೯೯೫

ರೈಮೊ ಮತ್ತು ಸಿರ್ಕಾ,

ನಾನೇ ಗೊತ್ತುಮಾಡಿದ್ದ ಗಡುವನ್ನು ನಾನೇ ಮೀರಿದ್ದೇನೆ. ವಿದ್ಯಾರ್ಥಿಗಳು ಹೀಗೆ ಮಾಡಿದ್ದರೆ ಉತ್ತರಪತ್ರಿಕೆಯನ್ನು ಮುಟ್ಟುತ್ತಿರಲಿಲ್ಲ.

ಸಿರ್ಕಾ, ನಿನ್ನ ಪತ್ರ ಮೊದಲ ಮೇಣದಬತ್ತಿಯ ಭಾನುವಾರಕ್ಕೆ ಮುಂಚೆಯೇ ಬಂದಿತ್ತು. ಅದಕ್ಕೆ ಉತ್ತರವೆಂದು ನಾಲ್ಕು ಬಾರಿ ಆರಂಭಿಸಿ ನಾಲ್ಕು ಬಾರಿಯೂ ಒಲೆಗೆ ಹಾಕಿದೆ. ಎಲ್ಲವೂ ಸುಸಂಬದ್ಧವಾಗಿದ್ದವು, ವಾಕ್ಯಗಳಲ್ಲಿ ಎತ್ತಿ ತೋರಿಸುವಂಥ ದೋಷವಿರಲಿಲ್ಲ. ಅದಕ್ಕಾಗಿಯೇ ಹಾಕಿದೆ.

ಚಳಿಗಾಲದಲ್ಲಿ ಅಂಗಡಿಯ ಅದೇ ಹೆಂಗಸು ಮತ್ತೆ ಸಿಕ್ಕಳು. ಈ ಸಲ ನಾನು ಬ್ರೆಡ್ಡನ್ನು ಬಿಟ್ಟು ಬರಲಿಲ್ಲ. ನನ್ನ ಮಗ ಸತ್ತದ್ದು ಕುಡಿತದಿಂದಲ್ಲ, ಅದು ಕುಡಿತದ ಹಾಗೆ ಕಾಣುವ ಕಾಯಿಲೆ ಎಂದು ಹೇಳಿದೆ. ಅವಳು, "ಹಾಗಾದ್ರೆ ನೋಡಿದೋರಿಗೆ ಹೇಗೆ ಗೊತ್ತಾಗ್ಬೇಕು ಟೀಚರ್?" ಎಂದು ಕೇಳಿದಳು. ಅಣಕವಿರಲಿಲ್ಲ, ನಿಜವಾಗಿಯೂ ಕೇಳಿದಳು. ಮೂವತ್ತೆಂಟು ವರ್ಷ ಪ್ರಶ್ನೆಗಳಿಗೆ ಉತ್ತರ ಹೇಳಿದವಳು ನಾನು. ಆಗ ಬ್ರೆಡ್ಡಿನ ಹಣ ಎಣಿಸಿ ಕೊಟ್ಟು ಬಂದೆ.

ಮೇ ಹಬ್ಬದ ದಿನ ನಮ್ಮ ಪದ್ಧತಿಯಂತೆ, ಶಾಲೆ ಮುಗಿಸಿದವರು ಹಾಕುವ ಬಿಳಿಯ ಟೊಪ್ಪಿಗೆ ಹಾಕಿಕೊಂಡು ಹೊರಟೆ. ಮೆರವಣಿಗೆಗೆ ಹೋಗಲಿಲ್ಲ, ಸ್ಮಶಾನಕ್ಕೆ ಹೋಗಿ ಬಂದೆ. ಬಂದವಳು ಇಲ್ಪೊನ ಕೋಣೆಯ ಬಾಗಿಲು ತೆರೆದೆ. ಹಾಸಿಗೆ, ಮೇಜು, ಅವನು ನಕಾಶೆ ಬರೆಯುತ್ತಿದ್ದ ಹಲಗೆ, ಎಲ್ಲವೂ ಇದ್ದಲ್ಲಿಯೇ ಇದ್ದವು. ಕಿಟಕಿ ಮುಚ್ಚಿತ್ತು. ಕಳೆದ ವರ್ಷ ಅದೇ ದಿನ ಅವನು ಮಲಗಿದ್ದಾಗ, ಹೊರಗೆ ಇನ್ನೂ ಹಿಮ ಕರಗುತ್ತಿದ್ದರೂ, ಆ ಕಿಟಕಿಯನ್ನು ನಾನು ಪೂರ್ತಿಯಾಗಿ ತೆರೆದಿಟ್ಟಿದ್ದೆ. ಏಕೆ ತೆರೆದೆನೆಂದು ನನ್ನನ್ನು ಯಾರೂ ಕೇಳಿಲ್ಲ.

ಜೂನ್ ತಿಂಗಳಲ್ಲಿ ಸೇಬು ಇರುವುದಿಲ್ಲವೆಂದು ನೀನು ಬರೆದಿದ್ದೀ, ಸಿರ್ಕಾ. ಮೇ ತಿಂಗಳಲ್ಲಿಯೂ ಇರುವುದಿಲ್ಲ.

ರೈಮೊ, ಮೆಟ್ಟಿಲ ಕೆಳಗಿನ ಆ ಬಾಟಲಿಯನ್ನು ತೆಗೆದುಬಿಡು. ಅವನು ನಿನ್ನ ಮುಖ ನೋಡಿ ಕುಡಿದ ಎಂದು ನೀನು ಬರೆದಿದ್ದೆ. ನನ್ನ ಮುಖ ನೋಡಿ ಅವನು ಎಷ್ಟೋ ಸಂಗತಿಗಳನ್ನು ಹೇಳದೆ ಉಳಿಸಿಕೊಂಡ. ಅವನು ಪ್ರೀತಿಸಿದವರ ಮುಖವನ್ನು ಓದುತ್ತಿದ್ದ. ಅದು ಅವನ ಸ್ವಭಾವ; ನಿನ್ನ ತಪ್ಪಲ್ಲ.

ಸಿರ್ಕಾ, ನೀನು ಆ ವಾಸನೆಯನ್ನು ಬಾಯಿಬಿಟ್ಟು ಹೇಳಿದೆ. ತಮಾಷೆಯಾಗಿಯೇ ಇರಲಿ, ಹೇಳಿದೆ. ಮೂಗಿಗೆ ಬಡಿದರೂ ಹೇಳದವರು ಇದ್ದಾರೆ.

ಈ ಶುಕ್ರವಾರ ಸಂಜೆ ನೀವು ಧ್ವಜ ಏರಿಸುತ್ತೀರೆಂದು ಭಾವಿಸುತ್ತೇನೆ. ಅರ್ಧಕ್ಕೆ ನಿಲ್ಲಿಸಬೇಡಿ, ತುದಿಯವರೆಗೂ ಏರಿಸಿ. ಆಚೆ ದಡದವರಿಗೆ ಗಾಬರಿಯಾಗಬಾರದು. ಬಸ್ಸು ಕಡವಿನವರೆಗೆ ಬರುತ್ತದೆಯೆಂದು ವಿಚಾರಿಸಿ ತಿಳಿದುಕೊಂಡಿದ್ದೇನೆ. ದೋಣಿ ನಡೆಸುವವನು ನನ್ನನ್ನು ದಾಟಿಸಲು ಒಪ್ಪಿದರೆ, ಇಲ್ಪೊ ಕೊನೆಯದಾಗಿ ಮಲಗಿದ್ದ ಕೋಣೆಯನ್ನು ನೋಡಬೇಕೆಂದಿದೆ. ಬಾಗಿಲು ತೆರೆದಿರಲಿ.

ಹೆಲ್ಕಾ

ಇದರೊಂದಿಗೆ ಲಗತ್ತಿಸಿರುವ ಕಾಗದಗಳು:

ವೈದ್ಯರ ವರದಿಯ ಒಂದು ಪ್ರತಿ. ಅವನು ಕುಡಿದು ಸತ್ತನೆಂದು ಕಡವಿನಲ್ಲಿ ಯಾರಾದರೂ ಹೇಳಿದರೆ ತೋರಿಸಲು.

ಕಿಟಕಿ ಪಕ್ಕದ ಬೆಂಚಿನಲ್ಲಿ ಇಬ್ಬರು ಹುಡುಗರಿರುವ ತರಗತಿಯ ಭಾವಚಿತ್ರ. ಇಬ್ಬರೂ ಹೊರಗೆ ನೋಡುತ್ತಿದ್ದಾರೆ.

ನವೆಂಬರಿನ ರೈಮೊನ ಪತ್ರ. ಇದರಲ್ಲಿ ಎಲ್ಲಿಯೂ ಗುರುತು ಹಾಕಿಲ್ಲ. ಸಿರ್ಕಾಳ ಪತ್ರವನ್ನು ಕಳಿಸುತ್ತಿಲ್ಲ. ಅದು ನನ್ನ ಬಳಿ ಇರಲಿ.

ತನಿಖೆ ಕೋರುವ ಅರ್ಜಿ, ಸಹಿಯಿಲ್ಲದ್ದು. ಬೇರೆ ಪ್ರತಿ ಇಲ್ಲ. ಕಾಗದ ಚೆನ್ನಾಗಿ ಒಣಗಿದೆ. ಸೌನಾದ ಒಲೆ ಹೊತ್ತಿಸಲು ಆದೀತು.